ಅಲಾಯಿ ಕುಣಿ ಬಿಟ್ಟು ಕಟ್ಟಿದ ಶಾಲೆ

ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಆಗೀಗ ಫೋನು ಮಾಡುತ್ತಾರೆ. 'ಸರ್, ಒಟ್ಟು ಎಷ್ಟು ಶಾಲೆ ಕಟ್ಟಿಸಿದ್ರಿ?' ಎಂದು ಕೇಳುತ್ತಾರೆ. ನನಗೆ ಗೊತ್ತಿಲ್ಲಪ್ಪ. ಲೆಕ್ಕ ಇಟ್ಟಿಲ್ಲ. ಯಾವಾಗ ಬಡ್ತಿ ಬಂತು, ಯಾವ ಹುದ್ದೆಯಲ್ಲಿ ಮನೆಗೆ ಬಂದೆ ಎಂಬುದೂ ಈಗ ಬೇಡದ ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ಕಡೆ ಬಿಟ್ಟು ನಾನು ಎಲ್ಲೂ ನೌಕರಿ ಮಾಡಲಿಲ್ಲ. ಶಾಲೆಗೆ ಜಾಗ ನೋಡುವುದು, ನಕ್ಷೆ ಹಾಕುವುದು, ಕಟ್ಟಿಸುವುದು, ಕೀಲಿಕೈ ಕೊಟ್ಟು ಮುಂದಿನ ಊರಿಗೆ ಹೊರಡುವುದು. ಇಷ್ಟೇ ನನ್ನ ಕಥೆ.

ಈ ಕೆಲಸದ ಬಗ್ಗೆ ನಿಮಗೆ ತರಬೇತಿಯಲ್ಲಿ ಹೇಳದ ಒಂದು ಸಂಗತಿಯನ್ನು ಮೊದಲಿಗೇ ಹೇಳಿಬಿಡುತ್ತೇನೆ. ಇದು ಒಂಟಿ ಕೆಲಸ. ಕಟ್ಟಡ ಏಳುವವರೆಗೆ ಊರಿನವರೆಲ್ಲ ನಿಮ್ಮ ಹಿಂದೆ ಮುಂದೆ ಓಡಾಡುತ್ತಾರೆ, ಚಹಾ ತರಿಸುತ್ತಾರೆ, ಮದುವೆಗೆ ಕರೆಯುತ್ತಾರೆ. ಬಣ್ಣ ಒಣಗುವಷ್ಟರಲ್ಲಿ ನಿಮ್ಮ ಹೆಸರು ಮರೆತಿರುತ್ತಾರೆ. ಅವರದೇನೂ ತಪ್ಪಿಲ್ಲ. ಮನೆ ಕಟ್ಟಿದ ಗೌಂಡಿಯನ್ನು ನಾವಾದರೂ ನೆನೆಯುತ್ತೇವೆಯೇ?

ನಾನು ಸೇರಿದಾಗ ಅಳತೆಗೆ ಸರಪಳಿ ಇತ್ತು. ಬಿಸಿಲಿನಲ್ಲಿ ಸರಪಳಿ ಎಳೆದುಕೊಂಡು ಎರೆ ಹೊಲದಲ್ಲಿ ನಡೆದರೆ ಸಂಜೆಗೆ ಚಪ್ಪಲಿಯ ತೂಕ ಎರಡು ಪಟ್ಟಾಗಿರುತ್ತಿತ್ತು. ನಕ್ಷೆಯನ್ನು ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ ಬರೆದು, ಅಮೋನಿಯಾ ಹೊಗೆಯಲ್ಲಿ ಪ್ರತಿ ತೆಗೆಯಬೇಕಿತ್ತು. ಆ ವಾಸನೆ ಅಂಗಿಗೆ ಹತ್ತಿದರೆ ಮೂರು ಸಲ ಒಗೆದರೂ ಹೋಗದು. ನನ್ನ ಹೆಂಡತಿ ಶಂಶಾದ್ ಅಂಗಿಯನ್ನು ಬಾಗಿಲ ಹೊರಗೇ ಬಿಚ್ಚಿಸಿ ಒಳಗೆ ಬಿಡುತ್ತಿದ್ದಳು.

ಅವಳು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನಮಗೆ ಮಕ್ಕಳಾಗಲಿಲ್ಲ. ಹೊಸ ನಕ್ಷೆಯನ್ನು ಮನೆಗೆ ತಂದು ಮಂಚದ ಮೇಲೆ ಹರಡಿ, ಸುರುಳಿಯಾಗದಂತೆ ನಾಲ್ಕು ಮೂಲೆಗೆ ಸ್ಟೀಲ್ ಲೋಟ ಇಟ್ಟು, 'ನೋಡು' ಎನ್ನುವುದು ನನ್ನ ರೂಢಿ. ಮೊದಲ ಸಲ ಹಾಗೆ ತೋರಿಸಿದಾಗ ಅವಳು ನಕ್ಷೆಯ ಸುತ್ತ ಒಂದು ಸುತ್ತು ಬಂದು, ನಮ್ಮ ದಖನಿಯಲ್ಲಿ ಒಂದೇ ಮಾತು ಕೇಳಿದಳು: 'ಛಾಂವ್ ಕಾಂ ಹೈ ಜೀ?' ನೆರಳು ಎಲ್ಲಿದೆ? ನಾನು ನಕ್ಕುಬಿಟ್ಟೆ. ನಕ್ಷೆಯಲ್ಲಿ ಗೋಡೆ ಇರುತ್ತದೆ, ಕಿಟಕಿ ಇರುತ್ತದೆ, ನೆರಳನ್ನು ಯಾರು ಬರೆಯುತ್ತಾರೆ?

ಅದು ಕುಷ್ಟಗಿ ಕಡೆಯ ಒಂದು ಹಳ್ಳಿಯ ಶಾಲೆ. ಆಗಿನ ನಮ್ಮ ದೊಡ್ಡ ಸಾಹೇಬರಿಗೆ ಒಂದೇ ಹಟ. 'ಸಾಲಿ ಅಂದಮ್ಯಾಲ ಅದರ ಮಾರಿ ರಸ್ತಾಕ್ಕ ಇರಬೇಕ್ರಿ. ಹೋಗೋ ಬರೋ ಮಂದಿಗೆ ಕಾಣಬೇಕಲ್ಲ!' ರಸ್ತೆ ಪಡುವಣಕ್ಕಿತ್ತು. ಮಾದರಿ ನಕ್ಷೆಯನ್ನು ಹಾಗೇ ತಿರುವಿ ಹಾಕಿದೆವು. ಪಡಸಾಲೆ, ಬಾಗಿಲು, ಕಿಟಕಿ ಎಲ್ಲ ಪಡುವಣಕ್ಕೆ ತೆರೆದುಕೊಂಡವು. ಮುಂದಿನ ವರ್ಷ ಯುಗಾದಿಗೆ ಮೊದಲು ಹೋಗಿ ನೋಡುತ್ತೇನೆ, ಕಿಟಕಿಗೆಲ್ಲ ಗೋಣಿ ತಟ್ಟು ಕಟ್ಟಿದ್ದಾರೆ, ಮಕ್ಕಳು ಹಿಂದಿನ ಗೋಡೆಗೆ ಅಂಟಿಕೊಂಡು ಕೂತಿವೆ. ಹೆಡ್ ಮಾಸ್ತರರು ಕೈಮುಗಿದು, 'ಸಾಹೇಬ್ರ, ಎರಡು ಹೊಡದಮ್ಯಾಲ ನಾನು ಪಾಠ ಮಾಡೂದಿಲ್ರಿ, ಬಿಸಲ ಮಾಡತೈತಿ' ಎಂದರು. ಅವರು ನಗುತ್ತಲೇ ಹೇಳಿದರು. ನನಗೆ ಮಾತ್ರ ಮಾರಿ ಎತ್ತಲಿಕ್ಕೆ ಆಗಲಿಲ್ಲ.

ಅಂದಿನಿಂದ ಅವಳಿಗೆ ತೋರಿಸದೆ ಯಾವ ನಕ್ಷೆಯನ್ನೂ ಸಹಿಗೆ ಕಳಿಸಲಿಲ್ಲ. ಅವಳ ಪ್ರಶ್ನೆ ಎಂದೂ ಬದಲಾಗಲಿಲ್ಲ, ನನ್ನ ನಕ್ಷೆಗಳು ಬದಲಾದವು. ಆಮೇಲೆ ಒಂದು ಮಳೆಗಾಲ ಅವಳಿಗೆ ಜ್ವರ ಹತ್ತಿತು. ಇಳಿಯಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ವಾರಕ್ಕೆ ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಕೆಲಸ ಶುರುವಾಗಿತ್ತು, ಹೋದೆ. ರಾತ್ರಿಯೂಟಕ್ಕೆ ಯಾರ ಮನೆಗೂ ಹೋಗದೆ ಬಸ್‌ ನಿಲ್ದಾಣದ ಹೋಟೆಲಿನಲ್ಲಿ ಮಿರ್ಚಿ ತಿಂದು, ಸಿಮೆಂಟ್ ಚೀಲಗಳ ಪಕ್ಕ ಮಲಗುತ್ತಿದ್ದೆ. ಮನೆಗೆ ಬಂದಾಗ ನಕ್ಷೆಯನ್ನು ಮಂಚದ ಮೇಲೆ ಹರಡಿ ನಾಲ್ಕು ಲೋಟ ಇಡುವ ರೂಢಿ ಮಾತ್ರ ಬಿಡಲಿಲ್ಲ. ಇಟ್ಟು ಸುಮ್ಮನೆ ನಿಲ್ಲುತ್ತಿದ್ದೆ. ಮನೆಯಲ್ಲಿ ಗಡಿಯಾರದ ಸದ್ದು ಎಷ್ಟು ದೊಡ್ಡದು ಎಂದು ನನಗೆ ಆಗ ಗೊತ್ತಾಯಿತು.

ಸರಪಳಿ ಹೋಯಿತು, ಟೋಟಲ್ ಸ್ಟೇಷನ್ ಯಂತ್ರ ಬಂತು, ಕಂಪ್ಯೂಟರ್ ಬಂತು. ಕೊನೆಗೆ ಡ್ರೋನ್ ಬಂತು. ನಾನು ಯಾವುದಕ್ಕೂ ಮುನಿಸಿಕೊಂಡವನಲ್ಲ. ಕಂಪ್ಯೂಟರಿನಲ್ಲಿ ಅಮೋನಿಯಾ ವಾಸನೆ ಇಲ್ಲವಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. ಆದರೆ ಒಂದು ಹಳೆಯ ಚಾಳಿಯನ್ನು ಕಡೆಯವರೆಗೂ ಇಟ್ಟುಕೊಂಡೆ. ನಕ್ಷೆ ಹಾಕುವ ಮೊದಲು ಒಂದು ದಿನ ಪೂರ್ತಿ ಆ ಜಾಗದಲ್ಲಿ ಸುಮ್ಮನೆ ಕೂರುವುದು. ಬುತ್ತಿ ಕಟ್ಟಿಕೊಂಡು ಹೋಗಿ ಬೆಳಗಿನಿಂದ ಸಂಜೆವರೆಗೆ. ಕಚೇರಿಯ ಹುಡುಗರು, 'ಸಾಹೇಬ್ರು ಜಾಗ ಕಾಯಾಕ ಹೋಗ್ಯಾರ' ಎಂದು ನಗುತ್ತಿದ್ದರು. ನಗಲಿ ಬಿಡಿ. ಮನೆಯಲ್ಲಿ ಕಾಯುವವರಿಲ್ಲದವನಿಗೆ ಎಲ್ಲಿ ಕೂತರೇನು?

ನಿವೃತ್ತಿಗೆ ಸ್ವಲ್ಪ ಮೊದಲು ಬಂದ ಕೆಲಸವೇ ನಾನು ಇಲ್ಲಿ ಮುಖ್ಯವಾಗಿ ಹೇಳಬೇಕಾದದ್ದು. ಕಾರಟಗಿ ರಸ್ತೆಯ ಬದಿಗೆ ಒಂದು ಹೊಸ ಬಡಾವಣೆ ಬೆಳೆಯುತ್ತಿತ್ತು. ಮೊದಲು ನಾಲ್ಕಾರು ಮನೆ ಇದ್ದದ್ದು, ನೋಡನೋಡುತ್ತ ಸಾಲುಸಾಲಾಗಿ ಎದ್ದಿತು. ಅಕ್ಕಿ ಮಿಲ್ಲಿನ ಹಮಾಲರು, ಲಾರಿ ಚಾಲಕರು, ಮಾಸ್ತರರು, ಗೊಬ್ಬರದ ಅಂಗಡಿಯವರು, ಆಂಧ್ರದ ರೈತರ ಕ್ಯಾಂಪುಗಳಿಂದ ಬಂದ ತೆಲುಗು ಮನೆಗಳು, ಎಲ್ಲರೂ ಬೇರೆ ಬೇರೆ ಕಡೆಯಿಂದ ಬಂದವರು. ಬಡಾವಣೆಯ ಬೆನ್ನಿಗೆ ಒಂದು ಹಳೆಯ ಊರು. ಅಲ್ಲಿ ಏಳನೆಯವರೆಗೆ ಶಾಲೆ ಇತ್ತು, ಪ್ರೌಢಶಾಲೆ ಮಾತ್ರ ರಸ್ತೆಯ ಆಚೆ ದೂರದಲ್ಲಿತ್ತು. ಭತ್ತದ ಲಾರಿಗಳು ಬಿಡುವಿಲ್ಲದೆ ಓಡುವ ಆ ರಸ್ತೆಯನ್ನು ಮಕ್ಕಳು ದಿನಾ ದಾಟಬೇಕು. ಒಬ್ಬ ಹುಡುಗನಿಗೆ ಲಾರಿ ತಾಗಿ ಕಾಲು ಹೋಗಿತ್ತು. ಆಮೇಲೆ ಸುಮಾರು ಮನೆಯವರು ಹೆಣ್ಣುಮಕ್ಕಳನ್ನು ಏಳನೇ ತರಗತಿಗೇ ನಿಲ್ಲಿಸಿದ್ದರು. ಬಡಾವಣೆಯ ಒಳಗೇ ಪ್ರೌಢಶಾಲೆ ಆಗಲಿ ಎಂದು ಅನುದಾನ ಬಂತು.

ನನ್ನ ಕೈಕೆಳಗೆ ಪವಿತ್ರಾ ಎಂಬ ಹೊಸ ಎಂಜಿನಿಯರ್ ಇದ್ದಳು, ಚುರುಕು ಹುಡುಗಿ. ಡ್ರೋನ್ ಹಾರಿಸಿ, ಎರಡೇ ದಿನದಲ್ಲಿ ನಕ್ಷೆ ಮಾಡಿ ತಂದಳು. 'ಸರ್, ಜಾಗ ಪೂರಾ ಖಾಲಿ ಐತ್ರಿ. ಒಂದು ಬೇವಿನ ಗಿಡ ಬಿಟ್ರ ಏನೂ ಇಲ್ರಿ. ಅದನ್ನ ತಗಸಿದ್ರ ಆತು.' ನಕ್ಷೆ ಚೆನ್ನಾಗಿಯೇ ಇತ್ತು. ಮರುದಿನ ನಾನು ಬುತ್ತಿ ಕಟ್ಟಿಕೊಂಡು ಹೋಗಿ ಬೇವಿನ ಗಿಡದ ಕೆಳಗೆ ಕೂತೆ.

ಬೆಳಿಗ್ಗೆ ಒಬ್ಬಳು ಹೆಣ್ಣುಮಗಳು ಬಂದಳು. ಹೆಸರು ಹುಲಿಗೆವ್ವ. ಮಿಲ್ಲಿನ ಅಂಗಳದಲ್ಲಿ ಭತ್ತ ಹರವುವ, ಗುಡಿಸುವ ಕೆಲಸದವಳು.

'ನೀವ ಏನ್ರಿ ಸಾಲಿ ಕಟ್ಟೋ ಸಾಹೇಬ್ರು?'

'ಹೌದವಾ.'

'ಬರೂ ವರ್ಷಕ್ಕ ಆಗತೈತಿಲ್ರಿ? ನನ್ನ ಮಗಳು ರೇಣುಕಾ ಏಳನೆತ್ತಿ ಮುಗಸತಾಳ್ರಿ. ಆಕಿ ಕಾಕಾಗೋಳು, ಇನ್ನ ಸಾಲಿ ಸಾಕು, ಮದಿವಿ ಮಾಡೂಣು ಅಂತಾರ. ಸಾಲಿ ಮನಿ ಮುಂದ ಬಂದ್ರ ಅವರ ಬಾಯಿ ಕಟ್ಟತೀನಿ ನಾನು. ಬರಲಿಲ್ಲಂದ್ರ ಆಕಿ ಕಥಿ ಮುಗೀತ್ರಿ.'

'ಬರತೈತವಾ' ಎಂದೆ. ಯಾವ ಧೈರ್ಯದ ಮೇಲೆ ಹೇಳಿದೆನೋ ದೇವರೇ ಬಲ್ಲ. ಅವಳು ಆಮೇಲೆ ಸಿಕ್ಕಾಗಲೆಲ್ಲ ಅದೇ ಮಾತು ಕೇಳಿದಳು.

ಮಧ್ಯಾಹ್ನ ಹಳೆಯ ಊರಿನ ಕಡೆಯಿಂದ ಇಬ್ಬರು ಮುದುಕಿಯರು ತಲೆಯ ಮೇಲೆ ಬುಟ್ಟಿ ಹೊತ್ತು ಬಂದರು. ಬಯಲಿನ ನಡುವೆ ಒಂದು ಕಡೆ ನಿಂತು ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದರು. ನಾಲ್ಕು ಹೆಜ್ಜೆ ಬರಿಗಾಲಲ್ಲಿ ನಡೆದು, ಮತ್ತೆ ಚಪ್ಪಲಿ ಮೆಟ್ಟಿ ಹೋದರು. ಆ ಸುಡುವ ನೆಲದ ಮೇಲೆ! ಸ್ವಲ್ಪ ಹೊತ್ತಿಗೆ ಒಬ್ಬ ಹಮಾಲ ಬಂದ, ಅವನೂ ಹಾಗೇ ಮಾಡಿದ. ನಾನು ಎದ್ದು ಹೋಗಿ ನೋಡಿದೆ. ನೆಲ ಅಲ್ಲಿ ತಟ್ಟೆಯ ಹಾಗೆ ತುಸು ತಗ್ಗಾಗಿತ್ತು. ಕೋಲಿನಿಂದ ಕೆದರಿದರೆ ಕೆಳಗೆ ಬೂದಿ. ಅದು ಅಲಾಯಿ ಕುಣಿ.

ಬೇರೆ ಕಡೆಯ ಓದುಗರಿಗೆ ಒಂದು ಮಾತು. ನಮ್ಮಲ್ಲಿ ಮೊಹರಂ ಎಂದರೆ ಅಲಾಯಿ ಹಬ್ಬ. ಹಸ್ತದ ರೂಪದ ಪಂಜಾ ದೇವರನ್ನು ಕೂರಿಸುವವರು ಮುಲ್ಲಾಗಳಾದರೂ ಹಬ್ಬ ಇಡೀ ಊರಿನದು, ಮುಸಲ್ಮಾನರ ಮನೆ ಇಲ್ಲದ ಊರಲ್ಲೂ ಮಾಡುತ್ತಾರೆ. ಕುಣಿ ಎಂದರೆ ಬೆಂಕಿ ಹಾಕುವ ಗುಂಡಿ. ಅದರ ಸುತ್ತ ಹೆಜ್ಜೆ ಹಾಕಿ ಕುಣಿಯುತ್ತಾರೆ. ಪ್ರತಿ ವರ್ಷ ಅದೇ ಜಾಗದಲ್ಲಿ ತೆಗೆದು, ಹಬ್ಬ ಮುಗಿದ ಮೇಲೆ ಮಣ್ಣು ಮುಚ್ಚುತ್ತಾರೆ. ಮುಚ್ಚಿದ ಮೇಲೆ ಅದು ಬರೀ ಬಯಲು. ಆಕಾಶದಿಂದ ನೋಡಿದ ಡ್ರೋನಿಗೆ ಏನು ಕಂಡೀತು? ಜಾಗ ಅಳೆದು ಬಡಾವಣೆ ಮಾಡಿದವರಿಗೂ ಕಂಡಿರಲಿಲ್ಲ.

ಪವಿತ್ರಾಳ ನಕ್ಷೆ ತೆಗೆದು ಅಳತೆ ಹಿಡಿದೆ. ಕುಣಿ ಇದ್ದ ಜಾಗಕ್ಕೆ ಸರಿಯಾಗಿ ಶೌಚಾಲಯದ ಗುಂಡಿ ಬರುತ್ತಿತ್ತು. ಅವಳಿಗೆ ತೋರಿಸಿದಾಗ ಬಾಯಿಗೆ ಕೈ ಇಟ್ಟುಕೊಂಡಳು. 'ಅಯ್ಯ ಶಿವನ! ಸರ್, ನಮ್ಮೂರಾಗೂ ಕುಣಿ ಐತ್ರಿ. ನಮ್ಮಪ್ಪ ಹೆಜ್ಜಿ ಹಾಕತಿದ್ದ.'

ದೊಡ್ಡ ಸಾಹೇಬರ ಬಳಿ ಹೋದೆ. ಕುಷ್ಟಗಿ ಕಾಲದವರಲ್ಲ, ಇವರು ಬೇರೆ, ಒಳ್ಳೆಯ ಮನುಷ್ಯರೇ. ಬಾಗಿಲು ಹಾಕಿಸಿ ಮಾತಾಡಿದರು.

'ನಕ್ಷೆದಾಗ ಅದನ್ನ ತೋರಿಸಬ್ಯಾಡ್ರಿ. ತೋರಿಸಿದ್ರ ತಕರಾರಿನ ಜಾಗ ಅಂತ ಆಗತೈತಿ. ಅನುದಾನ ಬ್ಯಾರೆ ಕಡೆ ಹೋಕ್ಕೈತಿ. ಸಾಲಿ ಬೇಕೋ ಕುಣಿ ಬೇಕೋ ನೋಡ್ರಿ.'

'ತೋರಿಸದ ಕಟ್ಟಿದ್ರ ಹಬ್ಬದ ದಿನ ಹೊಡದಾಟ ಆಗತೈತ್ರಿ ಸರ್.'

ಅವರು ನನ್ನ ಮುಖ ನೋಡಿ ದನಿ ತಗ್ಗಿಸಿದರು. 'ಬ್ಯಾರೆ ಯಾರರೆ ಹೇಳಿದ್ರ ನಡೀತಿತ್ತು. ನಿಮ್ಮ ಹೆಸರು ನೋಡಿ ಮಂದಿ ಏನಂತಾರ, ವಿಚಾರ ಮಾಡ್ರಿ. ರಿಟೈರ್ ಆಗೋ ಟೈಮಿನ್ಯಾಗ ಯಾಕ ಬೇಕು?'

ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ. ಆದರೂ ಅಷ್ಟು ವರ್ಷ ಒಂದೇ ಮೇಜಿನಲ್ಲಿ ಕೆಲಸ ಮಾಡಿದ ಮೇಲೆ ಆ ಮಾತು ಕೇಳಬೇಕಾಯಿತಲ್ಲ ಎಂದುಕೊಂಡು ನಕ್ಷೆ ಸುತ್ತಿಕೊಂಡು ಹೊರಗೆ ಬಂದೆ. ತಮಾಷೆ ಏನೆಂದರೆ, ನಮ್ಮ ಮನೆಯಲ್ಲಿ ಅಲಾಯಿ ಎಂದರೆ ಆಗುತ್ತಲೇ ಇರಲಿಲ್ಲ. ನಮ್ಮಪ್ಪ ಗಂಗಾವತಿಯಲ್ಲಿ ದರ್ಜಿ, ಕಟ್ಟುನಿಟ್ಟಿನ ನಮಾಜಿ. ಕುಣಿಯ ಹತ್ತಿರ ಸುಳಿದರೆ ಕಾಲು ಮುರಿಯುತ್ತೇನೆ ಎನ್ನುತ್ತಿದ್ದ. ನಾನು ದೂರದ ಕಟ್ಟೆಯ ಮೇಲೆ ನಿಂತು ನೋಡಿದವನು. ಆ ವಾರ ಈ ವಿಷಯ ಅಣ್ಣನ ಕಿವಿಗೂ ಬಿದ್ದು ಅವನು ಫೋನು ಮಾಡಿದ. 'ಅದು ನಮ್ಮದಲ್ಲ, ನಿನಗ್ಯಾಕ ಆ ಉಸಾಬರಿ?' ಎಂದ. ಸಾಹೇಬರಿಗೆ ನಾನು 'ಅವರ ಮಂದಿ', ಅಣ್ಣನಿಗೆ ನಾನು 'ನಮ್ಮವನಲ್ಲ'. ಅಂದು ನಕ್ಷೆಯನ್ನು ಮಂಚದ ಮೇಲೆ ಹರಡಿ ಲೋಟ ಇಟ್ಟೆ. ಶಂಶಾದ್ ಇದ್ದಿದ್ದರೆ ಕೇಳುವ ಮಾತು ಒಂದೇ ಎಂದು ನೆನಪಾಗಿ ಅಳು ಬಂತು. ಅತ್ತುಬಿಟ್ಟೆ. ನೋಡುವವರು ಯಾರಿದ್ದರು?

ಅತ್ತು ಕಣ್ಣೊರೆಸಿಕೊಂಡ ಮೇಲೆ ನಕ್ಷೆಯನ್ನು ನೋಡಿದೆ. ನೆರಳಿದ್ದದ್ದು ಬೇವಿನ ಗಿಡದ ಕೆಳಗೆ. ಗಿಡದಿಂದ ಒಂದಿಷ್ಟು ದೂರಕ್ಕೆ ಕುಣಿ. ಎರಡನ್ನೂ ನಡುವೆ ಬಿಟ್ಟು ಮೂರು ಕಡೆ ಕೋಣೆಗಳನ್ನು ಜರುಗಿಸಿದರೆ? ಪ್ರಾರ್ಥನೆಗೆ ಮಕ್ಕಳು ನಿಲ್ಲುವ ಅಂಗಳ ಹೇಗೂ ಬೇಕು. ಹಳೆಯ ಊರಿನ ದಿಕ್ಕಿಗೆ ಒಂದು ಸಣ್ಣ ಬಾಗಿಲು, ಹಬ್ಬದ ದಿನಗಳಿಗೆ ಮಾತ್ರ. ಶೌಚಾಲಯ ಅತ್ತ ಮೂಲೆಗೆ. ಕುಣಿಯ ಸುತ್ತ ಕಬ್ಬಿಣದ ಕಟಕಟೆ. ಬೆಳಗಾಗುವಷ್ಟರಲ್ಲಿ ಪೆನ್ಸಿಲ್ಲಿನಲ್ಲಿ ಹಾಕಿ ಮುಗಿಸಿದೆ. ಕುಣಿ ಇದ್ದ ಕಡೆ ಒಂದು ದುಂಡು ಬರೆದು, ಕೆಳಗೆ 'ಅಲಾಯಿ ಕುಣಿ' ಎಂದೇ ಬರೆದೆ.

ಊರವರ ಒಪ್ಪಿಗೆ ಪಡೆಯಲು ನಾನೂ ಪವಿತ್ರಾಳೂ ಬಡಾವಣೆಯ ನೀರಿನ ಟ್ಯಾಂಕಿನ ಕೆಳಗೆ ಸಭೆ ಕೂಡಿಸಿದೆವು. ನಿವಾಸಿಗಳ ಸಂಘದ ಅಧ್ಯಕ್ಷರು ಶರಣಪ್ಪ, ಗೊಬ್ಬರದ ಅಂಗಡಿಯವರು, ದೂರದ ಜಿಲ್ಲೆಯಿಂದ ಬಂದು ನೆಲೆಸಿದವರು. ನಕ್ಷೆ ನೋಡಿದವರೇ ಎದ್ದು ನಿಂತರು.

'ಸಾಲಿಯೊಳಗ ಬೆಂಕಿ ಕುಣಿ? ಎಲ್ಲರೆ ಉಂಟೇನ್ರಿ? ಸಾಹೇಬ್ರ, ಸಿಟ್ಟಾಗಬ್ಯಾಡ್ರಿ, ನೀವು ನಿಮ್ಮ ಮಂದಿ ಸಲುವಾಗಿ ನಮ್ಮ ಮಕ್ಕಳ ಸಾಲಿ ಹಾಳು ಮಾಡಾಕತ್ತೀರಿ.'

ಹಿಂದಿನಿಂದ ಹಳೆಯ ಊರಿನ ದುರುಗಪ್ಪ ಎದ್ದ. ಬಿಳಿ ಮೀಸೆಯ ಗಟ್ಟಿ ಮುದುಕ.

'ಯಾರ ಮಂದಿ ಅಂದ್ರಿ ಅಧ್ಯಕ್ಷರ? ಕುಣಿಗೆ ಮೊದಲನೇ ಗುದ್ದಲಿ ಹಾಕೂದು ನಮ್ಮ ಮನಿತನ್ರಿ. ನಮ್ಮಜ್ಜ ಹಾಕ್ಯಾನ, ನಮ್ಮಪ್ಪ ಹಾಕ್ಯಾನ, ಈಗ ನಾ ಹಾಕತೀನಿ. ಈ ಸಾಹೇಬ್ರ ಮಾರಿ ನಾ ಇವತ್ತ ನೋಡಾಕತ್ತೀನಿ.'

ಶರಣಪ್ಪನವರಿಗೆ ಅದು ಗೊತ್ತೇ ಇರಲಿಲ್ಲ. ತುಸು ತಣ್ಣಗಾದರು, ಆದರೂ ಬಿಡಲಿಲ್ಲ. 'ಆತ್ರಿ, ಯಾರದರೆ ಇರಲಿ. ಹುಡುಗುರು ಬೆಂಕ್ಯಾಗ ಬಿದ್ರ ಯಾರು ಜವಾಬ್ದಾರಿ?' ಆ ಪ್ರಶ್ನೆ ನ್ಯಾಯವಾದದ್ದು. ಕಟಕಟೆ ತೋರಿಸಿದೆ. ಬೆಂಕಿ ಹಾಕುವುದು ಶಾಲೆ ಬಿಟ್ಟ ಮೇಲೆ ಮಾತ್ರ, ಹಬ್ಬ ಮುಗಿದ ಮರುದಿನವೇ ಮಣ್ಣು ಮುಚ್ಚಿ ನೀರು ಹೊಡೆಯುವುದು ತನ್ನ ಹೊಣೆ ಎಂದು ದುರುಗಪ್ಪ ಮಾತು ಕೊಟ್ಟ. ಆದರೂ ಗದ್ದಲ ನಿಲ್ಲಲಿಲ್ಲ. ಒಬ್ಬರು ಜಾಗ ಬದಲಿಸಿ ಎಂದರು, ಇನ್ನೊಬ್ಬರು ಸಭೆ ಮುಂದೂಡಿ ಎಂದರು. ಮುಂದೂಡಿದರೆ ಅನುದಾನ ಹೋದಂತೆಯೇ.

ಆಗ ಹುಲಿಗೆವ್ವ ಸೆರಗು ಸೊಂಟಕ್ಕೆ ಸಿಗಿಸಿ ಮುಂದೆ ಬಂದಳು.

'ಹಬ್ಬ ಎಷ್ಟು ದಿನ್ರಿ? ಹತ್ತು ದಿನ. ಉಳದ ವರ್ಷೆಲ್ಲ ಅಲ್ಲಿ ನಮ್ಮ ಹುಡುಗುರು ಆಡತಾವ. ಹತ್ತು ದಿನದ ಸಲುವಾಗಿ ನನ್ನ ಮಗಳನ್ನ ಲಾರಿಗೆ ಕೊಡ್ಲೇನ್ರಿ, ಗಂಡನ ಮನಿಗೆ ಕೊಡ್ಲೇನ್ರಿ? ಅಧ್ಯಕ್ಷರ, ನಿಮ್ಮ ಮೊಮ್ಮಗಳೂ ಅದ ರಸ್ತಾ ದಾಟತಾಳ. ದಿನಾ ನೀವು ಅಂಗಡಿ ಬಿಟ್ಟು ಓಡಿ ಬರೂದು ನಾ ನೋಡೀನಿಲ್ಲೇನು?'

ಶರಣಪ್ಪ ಕನ್ನಡಕ ತೆಗೆದು ಒರೆಸಿದರು. 'ಕಟಕಟಿ ಇನ್ನೊಂದೀಟು ಎತ್ತರ ಮಾಡ್ರಿ ಸಾಹೇಬ್ರ' ಎಂದರು. ಸಭೆ ಅಷ್ಟಕ್ಕೇ ಮುಗಿಯಿತು. ಊರವರೇ ಒಪ್ಪಿದ ಮೇಲೆ ತಕರಾರು ಎಲ್ಲಿಯದು? ದೊಡ್ಡ ಸಾಹೇಬರು ದುಂಡನ್ನೂ ಅಕ್ಷರವನ್ನೂ ನೋಡಿ, ನನ್ನನ್ನು ನೋಡಿ, ತಲೆ ಅಲ್ಲಾಡಿಸಿ ಸಹಿ ಹಾಕಿದರು.

ಗೋಡೆ ಏಳುವ ಮೊದಲೇ ನಾನು ನಿವೃತ್ತನಾದೆ. ಪವಿತ್ರಾ ಮುಂದಿನ ಕೆಲಸ ನೋಡಿಕೊಂಡಳು. ಉದ್ಘಾಟನೆಗೆ ನನ್ನನ್ನು ಕರೆಯಲು ಯಾರಿಗೂ ನೆನಪಾಗಲಿಲ್ಲ. ಪವಿತ್ರಾ ಆಗ ಹೆರಿಗೆಗೆ ತವರಿಗೆ ಹೋಗಿದ್ದಳು. ಬೇಜಾರಾಗಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಒಂದು ದಿನ ಮನಸ್ಸು ತಡೆಯದೆ ಬಸ್ ಹತ್ತಿ ಹೋದೆ. ದೊಡ್ಡ ಗೇಟಿನಲ್ಲಿ ಕಾವಲುಗಾರ ತಡೆದ.

'ಯಾರು ಬೇಕ್ರಿ?'

'ಸಾಲಿ ನೋಡಾಕ ಬಂದೀನಪಾ.'

'ಯಾವ ಹುಡುಗುರ ಪಾಲಕರ್ರಿ ನೀವು? ಹೆಸರು ಹೇಳ್ರಿ, ಕರಸತೀನಿ.'

ಹೇಳಲು ನನ್ನ ಬಳಿ ಯಾವ ಮಗುವಿನ ಹೆಸರೂ ಇರಲಿಲ್ಲ. 'ಯಾರೂ ಇಲ್ಲಪಾ' ಎಂದೆ. 'ಪಾಲಕರಲ್ಲಂದ್ರ ಒಳಗ ಬಿಡಂಗಿಲ್ರಿ, ತಪ್ಪು ತಿಳೀಬ್ಯಾಡ್ರಿ' ಎಂದ. ಅವನು ಮಾಡಿದ್ದು ಸರಿ. ಮಕ್ಕಳಿರುವ ಜಾಗದಲ್ಲಿ ಹಾಗೇ ಇರಬೇಕು. ನಾನು ಹೇಳಿದ್ದರೆ ಬಿಡುತ್ತಿದ್ದನೇನೋ. 'ಇದನ್ನು ನಾನೇ ಕಟ್ಟಿಸಿದ್ದು' ಎಂದು ಗೇಟಿನ ಮುಂದೆ ನಿಂತು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ಕಂಪೌಂಡಿನ ಹೊರಗೆ ಒಂದು ಸುತ್ತು ಹಾಕಿದೆ. ಸಣ್ಣ ಬಾಗಿಲಿಗೆ ಬೀಗ ಇತ್ತು. ಅಲ್ಲಿಂದ ಬೇವಿನ ಗಿಡದ ತುದಿ ಕಾಣುತ್ತಿತ್ತು. ಅಷ್ಟು ನೋಡಿ ಬಸ್ಸಿಗೆ ಬಂದೆ.

ಮೊಹರಂ ಚಂದ್ರ ಕಂಡ ಮೇಲೆ ಮತ್ತೆ ಹೋದೆ, ಕುಣಿಗೆ ಗುದ್ದಲಿ ಬೀಳುವ ದಿನ. ಶಾಲೆ ಆಗಷ್ಟೇ ಬಿಟ್ಟಿತ್ತು. ಸಣ್ಣ ಬಾಗಿಲು ಹಾರು ಹೊಡೆದಿತ್ತು. ಹಳೆಯ ಊರಿನ ಮಂದಿ, ಬಡಾವಣೆಯ ಮಂದಿ ಒಳಗೆ ಹೋಗುತ್ತಿದ್ದರು. ನಾನೂ ಚಪ್ಪಲಿ ಬಿಟ್ಟು ಅವರ ಜೊತೆ ನಡೆದೆ. ಯಾರ ಪಾಲಕರು ಎಂದು ಯಾರೂ ಕೇಳಲಿಲ್ಲ. ದುರುಗಪ್ಪ ಮೊದಲ ಗುದ್ದಲಿ ಹಾಕಿದಾಗ ಸಮವಸ್ತ್ರದ ಮಕ್ಕಳು ಹೋ ಎಂದು ಕೂಗಿದವು. ಕಟಕಟೆಯ ಬಳಿ ಶರಣಪ್ಪ ಮೊಮ್ಮಗಳ ಕೈ ಹಿಡಿದು ನಿಂತಿದ್ದರು.

'ಎವ್ವಾ! ಸಾಹೇಬ್ರ!' ಹುಲಿಗೆವ್ವ ನನ್ನನ್ನು ಗುರುತು ಹಿಡಿದು ಓಡಿ ಬಂದಳು. ಅವಳ ಹಿಂದೆ ಎರಡು ಜಡೆಯ ಎತ್ತರದ ಹುಡುಗಿ, ಹೆಗಲಿಗೆ ಪುಸ್ತಕದ ಚೀಲ. 'ಇಕಿನ ನೋಡ್ರಿ ರೇಣುಕಾ. ಒಂಬತ್ತನೆತ್ತಿ. ಕಾಕಾಗೋಳ ಬಾಯಿ ಕಟ್ಟೀನಿ!' ಎಂದು ನಕ್ಕಳು. ಆಮೇಲೆ ಕೈಗೆ ಒಂದು ಸಕ್ಕರೆಯ ಪೊಟ್ಟಣ ಕೊಟ್ಟು, 'ಬಂದೀರಿ ಅಂದಮ್ಯಾಲ ಸಕ್ಕರಿ ಓದಿಸ್ರಿ' ಎಂದಳು. ತಮ್ಮವರೊಬ್ಬರ ಹೆಸರಿನಲ್ಲಿ ಮುಲ್ಲಾನಿಂದ ಸಕ್ಕರೆಯ ಮೇಲೆ ಫಾತೆಹಾ ಓದಿಸಿ ಹಂಚುವುದು ಹಬ್ಬದ ರೂಢಿ.

ಅಪ್ಪ ಇದ್ದಿದ್ದರೆ ಕಾಲು ಮುರಿಯುತ್ತಿದ್ದನೇನೋ. ನಾನು ಮುಲ್ಲಾನ ಮುಂದೆ ಹೋಗಿ ನಿಂತೆ. ವಯಸ್ಸಾದವರು. ಪೊಟ್ಟಣ ಬಿಚ್ಚಿ, ತಲೆ ಎತ್ತದೆ, ಎಲ್ಲರನ್ನೂ ಕೇಳುವ ಹಾಗೆ ನನ್ನನ್ನೂ ಕೇಳಿದರು.

'ಯಾರ ಹೆಸರಿಲೆ ಓದ್ಲಿ?'

ಎಷ್ಟೋ ವರ್ಷದಿಂದ ಆ ಹೆಸರನ್ನು ಯಾರೂ ನನ್ನ ಬಳಿ ಕೇಳಿರಲಿಲ್ಲ.

'ಶಂಶಾದ್' ಎಂದೆ. 'ಶಂಶಾದ್ ಬೇಗಂ.'

ಅವರು ಕಣ್ಣು ಮುಚ್ಚಿ ಓದಿದರು. ಅಷ್ಟು ಜನರ ನಡುವೆ, ಮಕ್ಕಳ ಗದ್ದಲದ ನಡುವೆ, ಅವಳ ಹೆಸರು ನನ್ನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಪೊಟ್ಟಣ ಕೈಗೆ ಬರುತ್ತಲೇ ಹತ್ತಾರು ಅಂಗೈಗಳು ಮುಂದೆ ಬಂದವು. ಒಂದೊಂದಕ್ಕೂ ಚಿಟಿಕೆ ಸಕ್ಕರೆ ಹಾಕಿದೆ. ಉಳಿದದ್ದನ್ನು ಹಿಡಿದುಕೊಂಡು ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಗಿಡದ ನೆರಳು ಅಂಗಳ ದಾಟಿ ಎಂಟನೇ ತರಗತಿಯ ಬಾಗಿಲವರೆಗೆ ಹೋಗಿತ್ತು. ಹುಡುಗಿಯರು ಅದರಲ್ಲಿ ಚೀಲ ಇಟ್ಟು ಕಾಲು ಚಾಚಿ ಕೂತಿದ್ದರು.

'ಯಾಂ ಹೈ, ದೇಖ್' ಎಂದೆ. ಇಲ್ಲಿದೆ ನೋಡು.